ರಟ್ಟಿನಲ್ಲಿ ಎದ್ದ ರಾಜಗಡ, ತೋರಣಾ

ದೀಪಾವಳಿ ಬಂತೆಂದರೆ ಪುಣೆಯ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುತ್ತಾರೆ. ಅದರ ಚೆಂದವೇ ಬೇರೆ. ನನಗೆ ಬೇಕಿದ್ದದ್ದು ಅಳತೆಗೆ ತಕ್ಕ ಬೆಟ್ಟದ ಮಾದರಿ, ಅದೂ ರಟ್ಟಿನಲ್ಲಿ. ಪುಣೆ ಹತ್ತಿರದ ಬೆಟ್ಟದ ಕೋಟೆಗಳಾದ ರಾಜಗಡ, ತೋರಣಾ, ಅವೆರಡರ ನಡುವಿನ ಏಣು, ಇಷ್ಟನ್ನೇ ಆರಿಸಿಕೊಂಡೆ.

ಸರ್ವೇ ಆಫ್ ಇಂಡಿಯಾದ 1:50,000 ನಕಾಶೆಯನ್ನು ಎರಡು ಪಟ್ಟು ಹಿಗ್ಗಿಸಿ ಝೆರಾಕ್ಸ್ ಮಾಡಿಸಿದೆ. ಆಗ ಒಂದು ಕಿಲೋಮೀಟರಿಗೆ 4 ಸೆಂಟಿಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳು 20 ಮೀಟರಿಗೊಂದು, ಒಂದೊಂದು ರೇಖೆಗೂ ಒಂದು ಪದರ ರಟ್ಟು. ಈ ಅಳತೆಯಲ್ಲಿ ಆ 20 ಮೀಟರ್ ಎಂದರೆ 0.8 ಮಿಲಿಮೀಟರ್. ಅಪ್ಪಾ ಬಳವಂತ ಚೌಕದಿಂದ ತಂದದ್ದು 1 ಮಿಲಿಮೀಟರಿನ ರಟ್ಟು. ಎತ್ತರ ಕಾಲುಭಾಗ ಹೆಚ್ಚಾಯಿತು, ಅಷ್ಟು ಸಾಕು. ಮೂರು ಪಟ್ಟು ಏರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಸಹ್ಯಾದ್ರಿ ಹೋಗಿ ಹಿಮಾಲಯವಾಗುತ್ತದೆ. 700 ಮೀಟರಿನ ರೇಖೆಯಿಂದ ಶುರು ಮಾಡಿದರೆ 1,403 ಮೀಟರ್ ಎತ್ತರದ ತೋರಣಾಕ್ಕೆ 36 ಪದರ.

ಪ್ರತಿ ರಟ್ಟಿನ ಮೇಲೂ ಕಾರ್ಬನ್ ಇಟ್ಟು ಎರಡು ರೇಖೆ ಮೂಡಿಸಬೇಕು. ಒಂದು ಕತ್ತರಿಸಲು, ಇನ್ನೊಂದು ಮೇಲಿನ ಪದರ ಕೂರಿಸಲು. ಎರಡನೆಯದು ಇಲ್ಲದಿದ್ದರೆ ಮೇಲೆ ಹೋದಂತೆಲ್ಲ ಬೆಟ್ಟ ಪಕ್ಕಕ್ಕೆ ಜರುಗುತ್ತದೆ. ತಿರುವಿನಲ್ಲಿ ಕಟರ್ ತಿರುಗಿಸದೆ ರಟ್ಟನ್ನೇ ತಿರುಗಿಸಿ. ಫೆವಿಕಾಲಿಗೆ ನೀರು ಬೇಡ, ರಟ್ಟು ಸೊಟ್ಟಗಾಗುತ್ತದೆ. ತೆಳ್ಳಗೆ ಸವರಿ ಮೇಲೆ ದಪ್ಪ ಪುಸ್ತಕಗಳನ್ನು ಹೇರಬೇಕು.

ಹುಬ್ಬಳ್ಳಿಯಿಂದ ಬಂದಿದ್ದ ಅಕ್ಕನ ಮಗ ನೋಡಿ, "ಮಾಮಾ, ಬರೇ ಪಾವಟಿಗಿ ಕಾಣಾಕತ್ತಾವಲ್ಲ, ನುಣ್ಣಗ ಮಾಡೂದಿಲ್ಲೇನು?" ಅಂದ.

ಎಲ್ಲ ಕಡೆ ಮಾಡುವಂತಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಸೀಮೆ ಇದು. ಗಟ್ಟಿ ಪದರ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಮೆದು ಪದರ ಸವೆದು ಇಳಿಜಾರಾಗುತ್ತದೆ. ಹಾಗಾಗಿ ರಾಜಗಡದ ನೆತ್ತಿಯ ಒಳಕೋಟೆಯಾದ ಬಾಲೇಕಿಲ್ಲಾದ ಸುತ್ತ, ರೇಖೆಗಳು ಒಂದಕ್ಕೊಂದು ಅಂಟಿದಂತಿರುವಲ್ಲಿ, ರಟ್ಟಿನ ಅಂಚನ್ನು ಮುಟ್ಟಲೇ ಇಲ್ಲ. ರೇಖೆಗಳ ನಡುವೆ ಜಾಗವಿದ್ದ ಕಡೆ ಮಾತ್ರ ನೆನೆಸಿ ಅರೆದ ಪೇಪರನ್ನು ಚೆನ್ನಾಗಿ ಹಿಂಡಿ, ಫೆವಿಕಾಲ್ ಸೇರಿಸಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಬೆರಳಲ್ಲಿ ತೀಡಿದೆ. ರಾಜಗಡದಿಂದ ಚಾಚಿಕೊಂಡ ಕೋಟೆಯ ಭಾಗವಾದ ಸಂಜೀವನಿ ಮಾಚಿಯಿಂದ ಪಶ್ಚಿಮಕ್ಕೆ ಇಳಿಯುವ ಏಣಿನಲ್ಲಿ ಈ ಎರಡೂ ಕೈಚಳಕ ಅಕ್ಕಪಕ್ಕದಲ್ಲೇ ಬೇಕು. ಅಲ್ಲೇ ಹೆಚ್ಚು ಹೊತ್ತು ಕೂತೆ. ಚಿಕ್ಕಮಗಳೂರಿನ ದುಂಡು ಗುಡ್ಡ ಮಾಡುವವರು ಧಾರಾಳವಾಗಿ ನುಣ್ಣಗೆ ಮಾಡಲಿ. ಇಲ್ಲಿ ಮಾಡಿದರೆ ಕಲ್ಲಿನ ಜಾತಿಯೇ ಕೆಡುತ್ತದೆ.

ಬಣ್ಣ ಬೇಸಿಗೆಯದು: ಇಳಿಜಾರಿಗೆ ಒಣಹುಲ್ಲಿನ ಹಳದಿ, ಬಂಡೆಗೆ ಕಪ್ಪು ಬೆರೆತ ಬೂದು. ಮಳೆಗಾಲದ ಹಸಿರು ಬಳಿದರೆ ಆ ಪದರಗಳೆಲ್ಲ ಮುಚ್ಚಿಹೋಗುತ್ತವೆ. ಕೊನೆಗೆ ವಾರ್ನಿಶ್, ತಳಕ್ಕೂ ಹಚ್ಚಬೇಕು, ಇಲ್ಲದಿದ್ದರೆ ಜುಲೈ ತಿಂಗಳ ತೇವಕ್ಕೆ ರಟ್ಟು ಉಬ್ಬುತ್ತದೆ.