ಸಬ್‌ಟೈಟಲ್‌ನಲ್ಲಿ ಸಿಕ್ಕಿಬಿದ್ದ ಒಂದು ಪದ

ನನ್ನ ಸಿನಿಮಾಕ್ಕೆ ಸಂಶೋಧನೆ ಶುರು ಮಾಡಿದಾಗ ನಾನು ಹುಡುಕುತ್ತಿದ್ದದ್ದು ಒಂದೇ ದೃಶ್ಯ. ಮಗನೋ ಮಗಳೋ ಅಪ್ಪ ಅಮ್ಮನ ಎದುರು ಕೂತು 'ನಾನು ಹೀಗೆ' ಅಂತ ಹೇಳುವುದು. ಹೊರದೇಶದಲ್ಲಿರುವ ಏಷ್ಯಾದ ಕ್ವೀರ್ ಜನರ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದವರ ಸಿನಿಮಾಗಳನ್ನು ಒಂದೊಂದಾಗಿ ನೋಡಿ, ಆ ದೃಶ್ಯ ಎಷ್ಟನೇ ನಿಮಿಷಕ್ಕೆ ಬಂತು ಅಂತ ಬರೆದುಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಆ ಪಟ್ಟಿ ಕೆಟ್ಟಿದ್ದು ಆಂಗ್ ಲೀ ಅವರ 'ದಿ ವೆಡ್ಡಿಂಗ್ ಬ್ಯಾಂಕ್ವೆಟ್' (1993) ನೋಡಿದಾಗ. ನ್ಯೂಯಾರ್ಕಿನಲ್ಲಿರುವ ತೈವಾನಿನ ಹುಡುಗ, ಅವನ ಅಮೆರಿಕನ್ ಗೆಳೆಯ, ಅಪ್ಪ ಅಮ್ಮನ ಸಮಾಧಾನಕ್ಕೆ ಒಂದು ಸುಳ್ಳು ಮದುವೆ. ಅಮ್ಮನಿಗೇನೋ ಮಗ ಬಾಯಿಬಿಟ್ಟು ಹೇಳುತ್ತಾನೆ. ಅಪ್ಪನಿಗೆ ಯಾರೂ ಹೇಳುವುದಿಲ್ಲ. ಆದರೆ ಇಂಗ್ಲಿಷ್ ಬರುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಆ ಮುದುಕ ಒಂದು ದಿನ ಮಗನ ಗೆಳೆಯನ ಕೈಗೆ ಕೆಂಪು ಲಕೋಟೆ ಕೊಟ್ಟು, ತನಗೆಲ್ಲಾ ಗೊತ್ತು ಅಂತ ಇಂಗ್ಲಿಷಿನಲ್ಲೇ ತಿಳಿಸಿ, ಇದು ನಮ್ಮಿಬ್ಬರಲ್ಲೇ ಇರಲಿ ಅನ್ನುತ್ತಾನೆ. ಇದನ್ನು ಎಷ್ಟನೇ ನಿಮಿಷ ಅಂತ ಬರೆಯಲಿ?

ಆಗ ನಾನು ಕೆನಡಾದ ಟೊರಾಂಟೊದಲ್ಲಿ ನನ್ನ ಸಿನಿಮಾಕ್ಕೆ ಇಂಥವರ ಧ್ವನಿ ರೆಕಾರ್ಡ್ ಮಾಡುತ್ತಿದ್ದೆ. ಅದೇ ಊರಿನಲ್ಲಿ ವಿಡಿಯೊ ಕಲಾವಿದ ರಿಚರ್ಡ್ ಫಂಗ್ 1984ರಲ್ಲೇ ಏಷ್ಯಾ ಮೂಲದ ಗೇ, ಲೆಸ್ಬಿಯನ್ ಜನರನ್ನು ಮಾತಾಡಿಸಿ ವಿಡಿಯೊ ಮಾಡಿದ್ದರು. ನನ್ನದು ಮುಖವಿಲ್ಲದ, ಬರೀ ಧ್ವನಿಯ ಕೆಲಸ. ಒಬ್ಬರ ಜೊತೆ ಮಾತಾಡುತ್ತಿರುವಾಗ ಅವರಿಗೆ ತೈವಾನಿನಿಂದ ಅಮ್ಮನ ಫೋನ್ ಬಂತು. ಮೈಕ್ ಆಫ್ ಮಾಡಲು ಹೋದೆ, ಇರಲಿ ಅಂತ ಕೈಸನ್ನೆ ಮಾಡಿದರು. (ಅಮ್ಮನನ್ನು ಕೇಳಿರಲಿಲ್ಲವಲ್ಲ, ಅವರ ಧ್ವನಿಯನ್ನು ಆಮೇಲೆ ಅಳಿಸಿದೆ.) ಮಾತು ಸುಮ್ನೆ ಸಂಗಾತಿಯ ಜ್ವರದ ಬಗ್ಗೆ. 'ತಾ ಈಗ ಆರಾಮ.'

ಮ್ಯಾಂಡರಿನ್‌ನಲ್ಲಿ 'ತಾ' ಅಂದರೆ ಅವನೂ ಹೌದು, ಅವಳೂ ಹೌದು. ಬರೆದರೆ ಬೇರೆ ಬೇರೆ ಅಕ್ಷರ, ಕಿವಿಗೆ ಒಂದೇ. ನಮ್ಮಲ್ಲಿ 'ಅವರು' ಅಂತ ಜಾರಿಕೊಳ್ಳುತ್ತೇವೆ, ಅಲ್ವಾ? ಹಾಗೇ. ಅಮ್ಮ ಮಗ ವರ್ಷಗಟ್ಟಲೆ ಆ ಒಂದು ಪದದ ಮೇಲೇ ಮಾತಾಡಿಕೊಂಡು ಬಂದಿದ್ದರು. ಅಮ್ಮನಿಗೆ ಗೊತ್ತಾ? ಅವರೂ ಕೇಳಿಲ್ಲ, ಇವರೂ ಹೇಳಿಲ್ಲ.

ನಾನು ಸಬ್‌ಟೈಟಲ್‌ನಲ್ಲಿ ಏನೂ ಯೋಚಿಸದೆ ಇಂಗ್ಲಿಷಿನ 'ಹಿ', ಅಂದರೆ 'ಅವನು' ಅಂತ ಹಾಕಿಬಿಟ್ಟಿದ್ದೆ. ಮೊದಲ ಕಟ್ ನೋಡಿ ಅವರು ಗದರಲಿಲ್ಲ. 'ನಾನು ಇಷ್ಟು ವರ್ಷ ಹೇಳದೇ ಇದ್ದದ್ದನ್ನ ನೀವು ಒಂದು ಸಾಲಲ್ಲಿ ಹೇಳಿಬಿಟ್ರಿ' ಅಂದರು ಅಷ್ಟೇ. ಅದಕ್ಕಿಂತ ಗದರಿದ್ದರೇ ವಾಸಿಯಿತ್ತು.

ಇಡೀ ಸಿನಿಮಾದ ಸಬ್‌ಟೈಟಲ್ ಮತ್ತೆ ಬರೆದೆ. 'ತಾ' ಬಂದ ಕಡೆಯೆಲ್ಲಾ 'ತಾ' ಅಂತಲೇ ಬಿಟ್ಟೆ. ಮಾತಿನ ನಡುವೆ ಸತ್ತ ಜಾಗ ಅಂತ ಕತ್ತರಿಸಿದ್ದ ಮೌನಗಳನ್ನೂ ವಾಪಸ್ ಸೇರಿಸಿದೆ, ಸಿನಿಮಾ ಆರು ನಿಮಿಷ ಜಾಸ್ತಿಯಾಯಿತು. ಒಂದು ಚಿತ್ರೋತ್ಸವದವರು ಸಬ್‌ಟೈಟಲ್‌ನಲ್ಲಿ ಕಾಗುಣಿತ ತಪ್ಪಿದೆ, ತಿದ್ದಿ ಕಳಿಸಿ ಅಂತ ಮೇಲ್ ಮಾಡಿದರು. ತಪ್ಪಲ್ಲ, ಹಾಗೇ ಇರಲಿ ಅಂತ ಬರೆದೆ.