ಲಿವರ್‌ನಿಂದ ಹಿಂದಕ್ಕೆ ಹುಡುಕುವುದು

ನಾನು ರೇಡಿಯಾಲಜಿಸ್ಟ್. ನ್ಯೂರೋಎಂಡೋಕ್ರೈನ್ ಗೆಡ್ಡೆ, ಅಂದರೆ ಹಾರ್ಮೋನ್ ಸುರಿಸುವ ಜೀವಕೋಶಗಳಿಂದ ಹುಟ್ಟುವ ಗೆಡ್ಡೆ, ಹೇಗೆ ಹರಡುತ್ತದೆ ಅನ್ನೋದು ನನಗೆ ಮನದಟ್ಟಾದದ್ದು ಒಂದು ತಪ್ಪು ಮಾಡಿದ ಮೇಲೆ.

ಆಗಿನ್ನೂ ಕೆಲಸಕ್ಕೆ ಹೊಸಬ. ತಿಂಗಳುಗಟ್ಟಲೆ ಭೇದಿ, ಹೊಟ್ಟೆನೋವು ಇದ್ದವರೊಬ್ಬರ ಸಿಟಿ ಸ್ಕ್ಯಾನ್ ಬಂತು. ಲಿವರ್ ಸರಿಯಿದೆ ಎಂದು ಬರೆದುಬಿಟ್ಟೆ. ಸಂಜೆ ಹಿರಿಯರೊಬ್ಬರು ಅದನ್ನೇ ತೆರೆದು, "ಆರ್ಟೀರಿಯಲ್ ಫೇಸ್ ಸರಿಯಾಗಿ ನೋಡಿದ್ರಾ?" ಎಂದು ಕೇಳಿದರು. ರಕ್ತನಾಳಕ್ಕೆ ಚುಚ್ಚಿದ ಡೈ ಇನ್ನೂ ಅಪಧಮನಿಗಳಲ್ಲಿ ಇರುವಾಗ ತೆಗೆದ ಚಿತ್ರ ಅದು. ನಿಧಾನವಾಗಿ ಸ್ಕ್ರೋಲ್ ಮಾಡಿದರು. ಲಿವರ್‌ನಲ್ಲಿ ಬೆಳ್ಳಗೆ ಹೊಳೆಯುವ ಐದಾರು ಚುಕ್ಕೆಗಳು! ಅರ್ಧ ನಿಮಿಷದ ನಂತರ ತೆಗೆದ ಚಿತ್ರದಲ್ಲಿ ಒಂದೂ ಕಾಣಲಿಲ್ಲ. ನಾನು ಗಮನವಿಟ್ಟು ನೋಡಿದ್ದು ಆ ಎರಡನೆಯದನ್ನು ಮಾತ್ರ.

ಲಿವರ್‌ಗೆ ಜಾಸ್ತಿ ರಕ್ತ ಬರುವುದು ಕರುಳಿನ ಕಡೆಯಿಂದ ಬರುವ ಪೋರ್ಟಲ್ ವೇನ್ ಎಂಬ ರಕ್ತನಾಳದಿಂದ. ಈ ಗೆಡ್ಡೆಗಳು ಮಾತ್ರ ಲಿವರ್‌ನ ಅಪಧಮನಿಯಾದ ಹೆಪಾಟಿಕ್ ಆರ್ಟರಿಯ ರಕ್ತ ಕುಡಿದು ಬೆಳೆಯುತ್ತವೆ. ಅದಕ್ಕೇ ಡೈ ಮೊದಲು ಅವುಗಳಿಗೆ ಏರುತ್ತದೆ. ಆಮೇಲೆ ಸುತ್ತಲಿನ ಲಿವರ್ ಕೂಡ ಬೆಳ್ಳಗಾಗಿ ಅವುಗಳನ್ನು ಮರೆಮಾಡುತ್ತದೆ.

ಚುಕ್ಕೆ ಸಿಕ್ಕ ಮೇಲೆ ಹಿಂದಕ್ಕೆ ಹೋಗಬೇಕು. ಕರುಳಿನ ರಕ್ತವೆಲ್ಲ ಮೊದಲು ಲಿವರ್‌ಗೇ ಹೋಗುತ್ತದಲ್ವಾ? ಅದೇ ದಾರಿಯಲ್ಲಿ ನಾನು ವಾಪಸ್ ನಡೆದೆ. ಕರುಳನ್ನು ಹಿಡಿದಿರುವ ಪೊರೆಯಲ್ಲಿ ಒಂದು ಗಂಟು ಇತ್ತು, ನಡುವೆ ಸುಣ್ಣದ ಚೂರು. ಬಟ್ಟೆಯ ಒಂದು ನೂಲು ಹಿಡಿದೆಳೆದರೆ ನೆರಿಗೆ ಬೀಳುವ ಹಾಗೆ ಸುತ್ತಲಿನ ಕರುಳು ಅದರತ್ತ ಸೆಳೆದುಕೊಂಡಿತ್ತು. ಇದು ಲಿಂಫ್ ಗ್ರಂಥಿಗೆ ಹರಡಿದ್ದು. ಮೂಲ ಗೆಡ್ಡೆ ಇದ್ದದ್ದು ಸಣ್ಣ ಕರುಳಿನ ತುದಿಯಲ್ಲಿ, ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ.

ಭೇದಿಗೂ ಆಗ ಅರ್ಥ ಸಿಕ್ಕಿತು. ಕರುಳಿನ ಗೆಡ್ಡೆ ಸುರಿಸುವ ಸೆರೊಟೋನಿನ್ ಎಂಬ ಹಾರ್ಮೋನನ್ನು ಲಿವರ್ ಒಡೆದುಹಾಕುತ್ತದೆ. ಗೆಡ್ಡೆ ಲಿವರ್‌ನಲ್ಲೇ ಕೂತರೆ ಆ ಸೆರೊಟೋನಿನ್ ನೇರ ಹೃದಯಕ್ಕೆ ಹೋಗುತ್ತದೆ. ಮುಖ ಕೆಂಪೇರುತ್ತದೆ, ಭೇದಿಯಾಗುತ್ತದೆ, ವರ್ಷ ಕಳೆದಂತೆ ಹೃದಯದ ಬಲಗಡೆಯ ಕವಾಟಗಳು ದಪ್ಪವಾಗಬಹುದು. ಎಡಗಡೆಗೆ ತಲುಪುವ ಮೊದಲು ಶ್ವಾಸಕೋಶ ಅದನ್ನು ಒಡೆಯುವುದರಿಂದ ಆ ಕಡೆಗೆ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ.

ಬಯಾಪ್ಸಿಯಲ್ಲಿ ಕೆಐ-67, ಅಂದರೆ ವಿಭಜನೆಯಾಗುತ್ತಿರುವ ಜೀವಕೋಶಗಳ ಪಾಲು, ಶೇ. 3ಕ್ಕಿಂತ ಕಡಿಮೆ ಬಂತು. ಅಂದರೆ ನಿಧಾನವಾಗಿ ಬೆಳೆಯುವ ಜಾತಿ. ಇಂಥದ್ದನ್ನು "ಸಾಧು ಗೆಡ್ಡೆ" ಅಂತ ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. 1907ರಲ್ಲಿ ಇದಕ್ಕೆ ಕಾರ್ಸಿನಾಯ್ಡ್ ಎಂದು ಹೆಸರಿಟ್ಟ ಜರ್ಮನ್ ರೋಗಶಾಸ್ತ್ರಜ್ಞ ಓಬರ್ನ್‌ಡಾರ್ಫರ್ ಕೂಡ ಮೊದಲು ಹಾಗೇ ಅಂದುಕೊಂಡಿದ್ದರು. 1929ರಲ್ಲಿ ಅವರೇ ತಿದ್ದಿಕೊಂಡರು.

ಕೊನೆಗೆ, ಇಂಥ ಗೆಡ್ಡೆಯ ಜೀವಕೋಶಗಳಿಗೆ ಅಂಟಿಕೊಳ್ಳುವ ವಿಕಿರಣಶೀಲ ವಸ್ತು ಚುಚ್ಚಿ ತೆಗೆಯುವ ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯಲ್ಲೂ ಒಂದು ಚುಕ್ಕೆ ಹೊಳೆಯಿತು. ಸಿಟಿಗೆ ಮರಳಿ ಅದೇ ಜಾಗ ನೋಡಿದೆ. ಮೂಳೆ ಮಾಮೂಲಾಗಿಯೇ ಇತ್ತು. ಅಂದಿನಿಂದ ಇಂಥವರ ಸಿಟಿಯಲ್ಲಿ "ಮೂಳೆ ಸರಿಯಿದೆ" ಎಂದು ಬರೆಯುವ ಮುಂಚೆ, ಗ್ಯಾಲಿಯಂ ಸ್ಕ್ಯಾನ್ ಆಗಿದೆಯಾ ಎಂದು ಕೇಳಿಯೇ ಸಹಿ ಹಾಕುತ್ತೇನೆ.