ಉಜ್ಜಲಿಲ್ಲ, ಎತ್ತಿದೆ: ಲೆದರ್ ಸೀಟಿನ ಇಂಕ್ ಕಲೆ ಮತ್ತು ನನ್ನ ಅನುಭವ

2024ರ ಏಪ್ರಿಲ್. ಶಾಲೆಯಲ್ಲಿ ವರ್ಷದ ಕೊನೆಯ ಕೆಲಸಗಳು. ನನ್ನ ಸ್ಕೂಟರ್ ರಿಪೇರಿಗೆ ಹೋಗಿತ್ತು ಅಂತ ಅಪ್ಪನ ಕಾರು ತೆಗೆದುಕೊಂಡು ಹೋಗಿದ್ದೆ. ಬರುವಾಗ ಮಾರ್ಕ್ಸ್ ರಿಜಿಸ್ಟರುಗಳ ಕಟ್ಟನ್ನು ಪಕ್ಕದ ಸೀಟಿನ ಮೇಲೆ ಇಟ್ಟೆ. ಕಟ್ಟಿನ ಕೆಳಗೆ ಎರಡು ಪೆನ್ನುಗಳಿದ್ದವು. ಒಂದು ನೀಲಿ ಬಾಲ್ ಪೆನ್, ಇನ್ನೊಂದು ಕೆಂಪು ಜೆಲ್ ಪೆನ್. ಎರಡಕ್ಕೂ ಕ್ಯಾಪ್ ಇರಲಿಲ್ಲ. ದಾರಿಯಲ್ಲಿ ಒಬ್ಬರ ಮನೆಗೆ ಹೋಗಿ ಎರಡು ಗಂಟೆ ಕೂತೆ. ಕಾರು ಬಿಸಿಲಲ್ಲೇ ನಿಂತಿತ್ತು.

ಮನೆಗೆ ಬಂದು ಕಟ್ಟು ಎತ್ತಿದರೆ ಎದೆ ಧಸಕ್ಕೆಂದಿತು. ಕೆನೆ ಬಣ್ಣದ ಸೀಟಿನ ಮೇಲೆ ಒಂದು ಗೇಣುದ್ದ ನೀಲಿ ಗೀಟು. ಹೊಲಿಗೆಯ ಪಕ್ಕದಲ್ಲಿ ಐದು ರೂಪಾಯಿ ನಾಣ್ಯದಷ್ಟು ಅಗಲ ಕೆಂಪು ಮಸಿ, ಇನ್ನೂ ಅರೆಬರೆ ಹಸಿ.

ಅದು 2010ರ ಹೋಂಡಾ ಅಕಾರ್ಡ್. ಅಪ್ಪ ನಿವೃತ್ತಿಯಾದ ಮೇಲೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಪ್ರತಿ ಭಾನುವಾರ ಬೆಳಗ್ಗೆ ಮಾವಿನ ಮರದ ಕೆಳಗೆ ನಿಲ್ಲಿಸಿ ಅವರೇ ಒರೆಸುತ್ತಾರೆ, ಬೇರೆಯವರ ಕೈಗೆ ಬಟ್ಟೆ ಕೊಡುವುದಿಲ್ಲ. ಕಲೆ ನೋಡಿ ಅಪ್ಪ "ಏನಮ್ಮಾ ಇದು" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೊದಲ ತಪ್ಪು ನನ್ನದೇ. ಕೈಗೆ ಸಿಕ್ಕ ವೆಟ್ ವೈಪ್ ತೆಗೆದುಕೊಂಡು ಗಟ್ಟಿಯಾಗಿ ಉಜ್ಜಿದೆ. ಕೆಂಪು ಮಸಿ ಸ್ವಲ್ಪ ಬಂತು, ಆದರೆ ಸುತ್ತ ಅಂಗೈ ಅಗಲಕ್ಕೆ ಗುಲಾಬಿ ಬಣ್ಣ ಹರಡಿತು. ನೀಲಿ ಗೀಟು ಅಲ್ಲಾಡಲೂ ಇಲ್ಲ. ಎರಡನೇ ತಪ್ಪು ತಮ್ಮನದು. ಮಾರನೆ ದಿನ ನಾನಿಲ್ಲದಾಗ, ಸಹಾಯ ಮಾಡೋಣ ಅಂತಲೇ, ನೀಲಿ ಗೀಟಿನ ತುದಿಗೆ ನೈಲ್ ಪಾಲಿಶ್ ರಿಮೂವರ್ ಹಚ್ಚಿದ. ಮಸಿಯೂ ಹೋಯಿತು, ಸೀಟಿನ ಬಣ್ಣವೂ ಹೋಯಿತು. ಹೆಬ್ಬೆಟ್ಟಿನಷ್ಟು ಜಾಗ ಬೋಳಾಗಿ ಒರಟೊರಟಾಯಿತು. ಆ ರಿಮೂವರಿನಲ್ಲಿ ಅಸಿಟೋನ್ ಇತ್ತು. ಉಗುರಿನ ಬಣ್ಣವನ್ನು ಕರಗಿಸುವ ಅಸಿಟೋನು ಸೀಟಿನ ಬಣ್ಣವನ್ನು ಬಿಡುತ್ತದೆಯೇ?

ಅಲ್ಲಿಗೆ ಯಾರೂ ಕೈ ಹಚ್ಚಬಾರದು ಅಂತ ಹೇಳಿ, ನಮ್ಮ ಬಡಾವಣೆಯಲ್ಲಿ ಕುಶನ್ ಕೆಲಸ ಮಾಡುವ ಹಿರಿಯರೊಬ್ಬರ ಅಂಗಡಿಗೆ ಕಾರು ತೆಗೆದುಕೊಂಡು ಹೋದೆ. ಆಟೋದಿಂದ ಹಿಡಿದು ದೊಡ್ಡ ಕಾರಿನವರೆಗೆ ಎಲ್ಲ ಸೀಟುಗಳನ್ನೂ ಬಿಚ್ಚಿ ಹೊಲಿದ ಕೈ ಅವರದು. ಕಲೆಯನ್ನು ಅವರು ಆಮೇಲೆ ನೋಡಿದರು. ಮೊದಲು ಸೀಟನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳಿನ ಸುತ್ತ ಸಣ್ಣ ಸಣ್ಣ ನೆರಿಗೆಗಳು ಎದ್ದವು. ಆಮೇಲೆ ಸೀಟಿನ ಹಿಂಭಾಗ, ಪಕ್ಕದ ಭಾಗ ಎಲ್ಲ ಒತ್ತಿ ನೋಡಿದರು. ಅಲ್ಲಿ ನೆರಿಗೆ ಏಳಲಿಲ್ಲ, ಸುಮ್ನೆ ತಗ್ಗಾಗಿ ಮೇಲೆ ಬಂತು.

"ಮೇಡಮ್ಮೋರೆ, ಕೂರೋ ಜಾಗ, ಒರಗೋ ಜಾಗ ಮಾತ್ರ ಚರ್ಮ. ಪಕ್ಕ, ಹಿಂದೆ ಎಲ್ಲ ರೆಕ್ಸಿನ್ನು. ಎರಡಕ್ಕೂ ಒಂದೇ ಔಷಧಿ ಮಾಡಬೇಡಿ" ಅಂದರು.

ನನಗೆ ಅದು ಗೊತ್ತೇ ಇರಲಿಲ್ಲ. ಲೆದರ್ ಸೀಟು ಅಂದರೆ ಪೂರ್ತಿ ಲೆದರ್ ಅಂದುಕೊಂಡಿದ್ದೆ. ಎಷ್ಟೋ ಕಾರುಗಳಲ್ಲಿ ಮೈ ತಾಗುವ ಭಾಗ ಮಾತ್ರ ಚರ್ಮ ಇರುತ್ತದೆ. ಇನ್ನು ಈಗ ಲೆದರೆಟ್ ಅಂತ ಮಾರುವುದು ಪೂರ್ತಿ ರೆಕ್ಸಿನ್ನೇ. ನಿಮ್ಮ ಸೀಟು ಯಾವುದು ಅಂತ ನೋಡಲು ಇನ್ನೊಂದು ದಾರಿಯಿದೆ. ಸೀಟಿನ ಅಡಿಯಲ್ಲಿ ಮಡಚಿದ ಅಂಚು ಸಿಕ್ಕರೆ ಅದರ ಒಳಮೈ ನೋಡಿ. ಚರ್ಮವಾದರೆ ನವಿರಾದ ಎಳೆ ಎಳೆ ಕಾಣುತ್ತದೆ. ರೆಕ್ಸಿನ್ ಆದರೆ ಬಟ್ಟೆ ಕಾಣುತ್ತದೆ.

ಅವರು ಹೇಳಿದ ಇನ್ನೊಂದು ಮಾತನ್ನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. "ಉಜ್ಜಬೇಡಿ, ಎತ್ತಿ. ಮಸೀನ ಹತ್ತಿ ಕುಡೀಬೇಕು."

ಕಾರಿನ ಸೀಟಿನ ಚರ್ಮ ಚಪ್ಪಲಿಯ ಚರ್ಮದ ಹಾಗೆ ಬರಿ ಚರ್ಮವಲ್ಲ. ಹದ ಮಾಡಿದ ಚರ್ಮದ ಮೇಲೆ ಬಣ್ಣದ ಪದರ, ಅದರ ಮೇಲೆ ಕಾಪಾಡಲು ಪಾಲಿಯುರೆಥೇನಿನ ತೆಳು ಪೊರೆ. ಒಂದು ಹನಿ ನೀರು ಬಿಟ್ಟು ನೋಡಿದರೆ ಅದು ಇಂಗದೆ ಮುತ್ತಿನ ಹಾಗೆ ನಿಲ್ಲುವುದು ಈ ಪೊರೆಯಿಂದ. ಹನಿ ತಕ್ಷಣ ಇಂಗಿ ಕಪ್ಪಾದರೆ ಅದು ಪೊರೆಯಿಲ್ಲದ ಚರ್ಮ, ಮನೆಯಲ್ಲಿ ಕೈ ಹಚ್ಚಲೇಬಾರದು. ಪೊರೆ ಇರುವ ಸೀಟಿನಲ್ಲಿ ಮಸಿ ಮೊದಲು ಪೊರೆಯ ಮೇಲೆ ಕೂತಿರುತ್ತದೆ. ದಿನ ಕಳೆದ ಹಾಗೆ, ಬಿಸಿಲು ಬಿದ್ದ ಹಾಗೆ, ಕೂತೆದ್ದು ಬಿಟ್ಟ ಕಣ್ಣಿಗೆ ಕಾಣದ ಬಿರುಕುಗಳಲ್ಲಿ ಒಳಗಿಳಿಯುತ್ತದೆ. ಆದ್ದರಿಂದ ನಮ್ಮ ಕೆಲಸ ಇಷ್ಟೇ: ಪೊರೆ ಉಳಿಯಬೇಕು, ಮಸಿ ಹೋಗಬೇಕು. ಎರಡರ ನಡುವೆ ಜಾಗ ತುಂಬ ಕಡಿಮೆ.

ಬಾಲ್ ಪೆನ್ನಿನ ಇಂಕು ಎಣ್ಣೆಯಂಥ ದ್ರವದಲ್ಲಿ ಕರಗಿಸಿದ ಬಣ್ಣ. ನೀರಿಗೆ, ಸೋಪಿಗೆ ಬಗ್ಗುವುದಿಲ್ಲ. ನನ್ನ ವೆಟ್ ವೈಪಿಗೆ ಗೀಟು ಜಗ್ಗದೆ ಇದ್ದದ್ದು ಅದಕ್ಕೇ. ಅದಕ್ಕೆ ಸ್ಪಿರಿಟ್ ಬೇಕು. ಮೆಡಿಕಲ್ ಶಾಪಿನಲ್ಲಿ 70% ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿದೆ, ಚಿಕ್ಕ ಬಾಟಲಿ ಸಿಕ್ಕಿತು. ಇಯರ್ ಬಡ್ ದೊಡ್ಡ ಡಬ್ಬಿ, ಬಿಳಿ ಹತ್ತಿ ಬಟ್ಟೆ, ಲೆದರ್ ಕ್ಲೀನರ್, ಲೆದರ್ ಕಂಡೀಷನರ್, ಚಿಕ್ಕ ಮಕ್ಕಳ ಮೆತ್ತನೆಯ ಟೂತ್‌ಬ್ರಷ್. ಬಟ್ಟೆ ಬಿಳಿಯದೇ ಇರಲಿ. ಏನು ಎದ್ದು ಬರುತ್ತಿದೆ ಅಂತ ಅದರಲ್ಲೇ ಗೊತ್ತಾಗಬೇಕು.

ಕೆಲಸಕ್ಕೆ ಕೂತದ್ದು ಭಾನುವಾರ ಬೆಳಗ್ಗೆ ಆರೂವರೆಗೆ, ಅದೇ ಮಾವಿನ ಮರದ ಕೆಳಗೆ. ಸೀಟು ತಣ್ಣಗಿರಬೇಕು. ಕಾದ ಸೀಟಿಗೆ ಸ್ಪಿರಿಟ್ ಇಟ್ಟರೆ ಮಸಿ ಕರಗುವ ಮೊದಲೇ ಅದು ಹಾರಿಹೋಗುತ್ತದೆ. ನಾಲ್ಕೂ ಬಾಗಿಲು ತೆಗೆದಿಟ್ಟೆ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರ ಸೊಳ್ಳೆ ಬತ್ತಿ ಕೂಡ ಇರಬಾರದು.

ಮೊದಲು ಪರೀಕ್ಷೆ. ಸೀಟನ್ನು ಮುಂದೆ ತಳ್ಳಿ, ಕೂರುವ ಭಾಗದ ಚರ್ಮ ಹಿಂದೆ ಮಡಚಿಕೊಂಡು ಹೋಗುವ ಕಡೆ, ಯಾರಿಗೂ ಕಾಣದ ಜಾಗದಲ್ಲಿ ಒದ್ದೆ ಬಡ್ ಇಟ್ಟು ಹತ್ತು ಎಣಿಸಿದೆ. ಬಡ್ ಬೆಳ್ಳಗೇ ಬಂತು. ಚರ್ಮ ಅಂಟಾಗಲಿಲ್ಲ. ಧೈರ್ಯ ಬಂತು.

ಬಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬಾಟಲಿಯ ಬಾಯಿಗೆ ಒತ್ತಿ ಹಿಂಡಬೇಕು. ತೊಟ್ಟಿಕ್ಕಬಾರದು. ಗೀಟಿನ ಒಂದು ತುದಿಯಲ್ಲಿಟ್ಟು ಗೀಟಿನ ಉದ್ದಕ್ಕೇ ಉರುಳಿಸಬೇಕು. ಅಡ್ಡಡ್ಡ ಹೋದರೆ ಗೀಟು ಪಟ್ಟಿಯಾಗುತ್ತದೆ. ಅರ್ಧ ಇಂಚು ಉರುಳಿಸಿದ ಕೂಡಲೇ ಬಡ್ ನೀಲಿಯಾಗುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಇನ್ನೊಂದು ತುದಿ, ಆಮೇಲೆ ಹೊಸ ಬಡ್. ನೀಲಿಯಾದ ಬಡ್ಡನ್ನೇ ಮತ್ತೆ ಇಟ್ಟರೆ ಎತ್ತಿದ ಮಸಿಯನ್ನು ನಾವೇ ವಾಪಸ್ ಬಳಿದ ಹಾಗೆ. ಒಂದೊಂದು ಸಾರಿ ಉರುಳಿಸಿದ ತಕ್ಷಣ ಒಣ ಬಿಳಿ ಬಟ್ಟೆಯಿಂದ ಒತ್ತಿ ತೇವ ತೆಗೆಯುತ್ತಿದ್ದೆ. ಅದರಲ್ಲೂ ಎಷ್ಟೋ ನೀಲಿ ಬರುತ್ತಿತ್ತು.

ಅರ್ಧ ಗಂಟೆಗೆ ಗೀಟು ಆಕಾಶ ಬಣ್ಣಕ್ಕೆ ತಿರುಗಿತು. ಒಂದು ಗಂಟೆಗೆ ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಉಳಿಯಿತು. ಸುಮಾರು ನಲವತ್ತು ಬಡ್ ಖರ್ಚಾಗಿದ್ದವು. ಅಷ್ಟರಲ್ಲಿ ಒಂದು ಬಡ್ಡಿನ ತುದಿಯಲ್ಲಿ ನೀಲಿಯ ಜೊತೆ ಕೆನೆ ಬಣ್ಣದ ಒಂದು ಚೂರು ಛಾಯೆ ಕಂಡಿತು. ಅದು ಸೀಟಿನ ಬಣ್ಣ. ಇನ್ನು ಮುಂದೆ ಹೋದರೆ ತಮ್ಮ ಮಾಡಿದ್ದನ್ನೇ ನಾನೂ ನಿಧಾನವಾಗಿ ಮಾಡುತ್ತೇನೆ ಅಂತ ಅರ್ಥ. ಆಸೆ ಬಿಡುವುದಿಲ್ಲ, ಇನ್ನು ಎರಡೇ ಎರಡು ಬಡ್ ಅನ್ನಿಸುತ್ತದೆ. ಆದರೆ ನಿಲ್ಲಿಸಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕ್ಲೀನರಿನ ನೊರೆಯನ್ನು ಬ್ರಷ್ಷಿನಲ್ಲಿ ಹಗುರವಾಗಿ ಆಡಿಸಿ, ಮತ್ತೆ ಒರೆಸಿದೆ. ಉಳಿದಿದ್ದ ಛಾಯೆಯಲ್ಲಿ ಇನ್ನೂ ಸ್ವಲ್ಪ ನೊರೆಯಲ್ಲೇ ಹೋಯಿತು. ಈಗ ಆ ಗೀಟು ಎಲ್ಲಿತ್ತು ಅಂತ ಅಪ್ಪನಿಗೂ ಹುಡುಕಬೇಕು.

ಕೆಂಪು ಜೆಲ್ಲಿನದು ಬೇರೆಯೇ ಕಥೆ. ಜೆಲ್ ಇಂಕಿನ ಮೂಲ ನೀರು. ಅದರಲ್ಲಿ ಸಾಮಾನ್ಯವಾಗಿ ಕರಗದ ಬಣ್ಣದ ಪುಡಿ ತೇಲುತ್ತಿರುತ್ತದೆ. ಹಸಿ ಇದ್ದಾಗ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದಿದ್ದರೆ ನೀರಿನಲ್ಲೇ ಮುಕ್ಕಾಲು ಬರುತ್ತಿತ್ತು. ನಾನು ಉಜ್ಜಿ ಕೂರಿಸಿದ್ದೆ. ಒಣಗಿದ ಮೇಲೆ ಸ್ಪಿರಿಟ್ಟಿಗೂ ಅಷ್ಟಾಗಿ ಜಗ್ಗುವುದಿಲ್ಲ, ಪುಡಿ ಕರಗುವುದೇ ಇಲ್ಲವಲ್ಲ. ಅದನ್ನು ನೊರೆಯಲ್ಲಿ ಸಡಿಲ ಮಾಡಿ ಎತ್ತಬೇಕು. ಕ್ಲೀನರಿನ ನೊರೆ ಹಾಕಿ ಒಂದು ನಿಮಿಷ ಬಿಟ್ಟು, ಬ್ರಷ್ಷನ್ನು ಹೊರಗಿನಿಂದ ಒಳಗೆ ಸುತ್ತಿ, ಬಟ್ಟೆಯಿಂದ ಒತ್ತಿ ತೆಗೆಯುವುದು. ಹೀಗೆ ಏಳೆಂಟು ಸಾರಿ. ಸುತ್ತಲಿನ ಗುಲಾಬಿ ಪೂರ್ತಿ ಹೋಯಿತು. ನಡುವಿನ ನಾಣ್ಯ ಮಸುಕಾಯಿತು. ಹೊಲಿಗೆಯ ದಾರ ಮಾತ್ರ ಕೆಂಪು ಕುಡಿದು ಕೂತಿತ್ತು. ಹೊಲಿಗೆಯ ತೂತುಗಳ ಕೆಳಗೆ ಫೋಮ್ ಇದೆ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆ, ವೈರುಗಳಿವೆ. ಅಲ್ಲಿ ನೀರು ಇಳಿಸಬಾರದು. ಹಾಗಾಗಿ ದಾರದ ತಂಟೆಗೆ ಹೋಗಲಿಲ್ಲ.

ಎರಡು ವಾರ ಆದಮೇಲೆ, ಏಪ್ರಿಲ್ 26ರ ಲೋಕಸಭಾ ಮತದಾನದ ಡ್ಯೂಟಿ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ಬೆರಳಿಗೆ ಹಚ್ಚುವ ಶಾಯಿ ಅವರ ಬ್ಯಾಗಿಗೆ ತಾಗಿದೆ, ಹೀಗೇ ತೆಗೆಯಬಹುದಾ ಅಂದರು. ಆ ಶಾಯಿ ನಮ್ಮ ಮೈಸೂರಿನದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರು ಪೇಂಟ್ಸ್ ಕಾರ್ಖಾನೆ ಅದನ್ನು 1962ರ ಚುನಾವಣೆಯಿಂದ ಮಾಡಿಕೊಡುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಅದು ಬೆವರಿನ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿ ಕಪ್ಪಾಗುತ್ತದೆ. ಬೆರಳಿನಿಂದ ಹೋಗುವುದು ಹಳೆ ಚರ್ಮ ಉದುರಿ ಹೊಸದು ಬಂದಾಗ. ಬ್ಯಾಗಿನ ಚರ್ಮಕ್ಕೆ ಹೊಸದು ಬರುವುದಿಲ್ಲವಲ್ಲ. ಸುಮ್ನೆ ಸ್ಪಿರಿಟ್ ಹಚ್ಚಿ ಹಾಳು ಮಾಡಬೇಡಿ ಅಂದೆ.

ಮನೆಗೆ ಬಂದವರು ಹೇಳಿದ ಉಳಿದ ಉಪಾಯಗಳ ಬಗ್ಗೆ ಎರಡೇ ಮಾತು. ಟೂತ್‌ಪೇಸ್ಟಿನಲ್ಲಿ ಹಲ್ಲು ತಿಕ್ಕುವ ಪುಡಿ ಇರುತ್ತದೆ, ಪೊರೆಯನ್ನು ಅದು ತಿಕ್ಕಿ ತೆಗೆಯುತ್ತದೆ. ಹಾಲು ಹಾಕಿದರೆ ಮುಚ್ಚಿದ ಕಾರಿನಲ್ಲಿ ಹುಳಿ ವಾಸನೆ ಕೂರುತ್ತದೆ. 2020ರಿಂದ ಎಲ್ಲರ ಮನೆಯಲ್ಲೂ ಇರುವ ಸ್ಯಾನಿಟೈಸರ್ ಪರವಾಗಿಲ್ಲ, ಅದರಲ್ಲಿ ಇರುವುದೂ ಆಲ್ಕೋಹಾಲೇ. ಆದರೆ ಅದರ ಗ್ಲಿಸರಿನ್ ಅಂಟಂಟು ಉಳಿಯುತ್ತದೆ, ಆಮೇಲೆ ಚೆನ್ನಾಗಿ ಒರೆಸಬೇಕು. ಬಣ್ಣ ಹಾಕಿದ ಸ್ಯಾನಿಟೈಸರ್ ಬೇಡ.

ತಮ್ಮನ ಹೆಬ್ಬೆಟ್ಟು ಗುರುತಿಗೆ ಬಣ್ಣವೇ ದಾರಿ. ಕುಶನ್ ಅಂಗಡಿಯ ಹಿರಿಯರು ನೀರಿನಲ್ಲಿ ಕಲಸುವ ಲೆದರ್ ಬಣ್ಣ ತರಿಸಿಕೊಟ್ಟರು. ಬಿಳಿಗೆ ಚೂರು ಹಳದಿ, ಅದಕ್ಕಿಂತ ಚೂರು ಕಂದು. ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಆದ್ದರಿಂದ ಕಾಗದದ ಮೇಲೆ ಹಚ್ಚಿ ಒಣಗಿಸಿ ಸೀಟಿನ ಪಕ್ಕ ಇಟ್ಟು ನೋಡಬೇಕು. ಐದನೇ ಸಾರಿಗೆ ಹೊಂದಿತು. ಬ್ರಷ್ಷಿನಲ್ಲಿ ಬಳಿಯಬಾರದು, ಸ್ಪಂಜಿನ ಚೂರಿನಿಂದ ತಟ್ಟಬೇಕು. ಒಂದು ತೆಳು ಪದರ, ಹೇರ್ ಡ್ರೈಯರ್ ದೂರ ಹಿಡಿದು ಒಣಗಿಸುವುದು, ಮತ್ತೊಂದು ಪದರ. ನಾಲ್ಕು ಪದರ ಆದಮೇಲೆ ಮೇಲಿನ ರಕ್ಷಣೆಗೆ ಮ್ಯಾಟ್ ಟಾಪ್ ಕೋಟ್. ಕೆಂಪು ದಾರಕ್ಕೂ ಜೆಲ್ಲಿನ ಮಸುಕು ನಾಣ್ಯಕ್ಕೂ ಅದೇ ಬಣ್ಣವನ್ನು ನವಿರಾಗಿ ಹಚ್ಚಿದೆ. ದಾರಕ್ಕೆ ಶಾಲೆಯ ಡ್ರಾಯಿಂಗ್ ಬ್ರಷ್ಷೇ ಸಾಕಾಯಿತು. ಸೀಟಿಗೆ ಇಡೀ ದಿನ ಯಾರನ್ನೂ ಕೂರಿಸಲಿಲ್ಲ. ಮಾರನೆ ದಿನ ಸೀಟಿಗೆಲ್ಲ ಕಂಡೀಷನರ್ ತೆಳುವಾಗಿ ಹಚ್ಚಿ ಒರೆಸಿದೆ. ಸ್ಪಿರಿಟ್ ಕಂಡ ಚರ್ಮ ಒಣಗಿರುತ್ತದೆ, ಇದನ್ನು ಬಿಟ್ಟರೆ ಅಲ್ಲೇ ಮೊದಲು ಬಿರುಕು ಬಿಡುತ್ತದೆ. ಅಪ್ಪ ಈಗ ಮೂರು ತಿಂಗಳಿಗೊಮ್ಮೆ ಹಚ್ಚುತ್ತಾರೆ.

ಇಷ್ಟಾದ ಮೇಲೆ ಹುರುಪು ಬಂದು, ಮುಂದಿನ ಸೀಟಿನ ಬೆನ್ನಿಗೆ ಕೈ ಹಾಕಿದೆ. ಮಗಳು ಚಿಕ್ಕವಳಿದ್ದಾಗ ಹಿಂದೆ ಕೂತು ಬಾಲ್ ಪೆನ್ನಿನಲ್ಲಿ ಗೀಚಿದ್ದು ವರ್ಷಗಳಿಂದ ಹಾಗೇ ಇತ್ತು. ಅದು ರೆಕ್ಸಿನ್. ಅದೇ ಸ್ಪಿರಿಟ್, ಅದೇ ಬಡ್, ಅದೇ ತಾಳ್ಮೆ. ಮೊದಲ ಬಡ್ಡಿಗೆ ನೀಲಿ ಬಂತು. ಆಮೇಲೆ ಬರಲಿಲ್ಲ, ಗೀಟಿನ ಅಂಚುಗಳು ಮಬ್ಬಾಗಿ ಅಗಲವಾದವು. ರೆಕ್ಸಿನ್ ಮೆತ್ತಗಿರಲೆಂದು ಅದರೊಳಗೆ ಎಣ್ಣೆಯಂಥದ್ದೊಂದು ಸೇರಿಸಿರುತ್ತಾರೆ. ಬಾಲ್ ಪೆನ್ನಿನ ಬಣ್ಣ ಅದರಲ್ಲಿ ಕರಗಿ ಒಳಗೊಳಗೇ ಇಳಿದುಬಿಡುತ್ತದೆ. ಮೇಲಿನಿಂದ ಎತ್ತಲು ಅಲ್ಲಿ ಏನೂ ಉಳಿದಿರುವುದಿಲ್ಲ. ರೆಕ್ಸಿನ್ನಿನ ಮೇಲೆ ಬಿದ್ದ ಮಸಿಗೆ ಮೊದಲ ಒಂದೆರಡು ಗಂಟೆಯೇ ಅವಕಾಶ, ವರ್ಷಗಳಲ್ಲ. ಎರಡನೇ ಭಾನುವಾರವೂ ಪ್ರಯತ್ನಪಟ್ಟು ಬಿಟ್ಟುಬಿಟ್ಟೆ.

ಆ ಬೆನ್ನಿನ ಒಂದು ತುಂಡು ಮಾತ್ರ ಬಿಚ್ಚಿ ಹೊಸ ರೆಕ್ಸಿನ್ ಹೊಲಿಯಬಹುದು ಅಂದರು ಹಿರಿಯರು. ಬಣ್ಣದ ಚೂರು ಕೊಟ್ಟು ಅಳತೆ ಬರೆಸಿ ಬಂದೆ.